ನೀರು ಯಾವಾಗ ಬರುತ್ತೆ ಅಂತ ಗೊತ್ತಾದರೆ

(ದಾವಣಗೆರೆಯಲ್ಲಿ ಊರಿನವರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಆಡಿದ ಮಾತನ್ನು ಹೆಚ್ಚು ಬದಲಿಸಿಲ್ಲ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಎರಡು ವಿಷಯ ಮಾತಾಡುತ್ತೇನೆ. ಬದುಕಿನ ಒತ್ತಡ ಮೈಗೆ ಏನು ಮಾಡುತ್ತದೆ ಅನ್ನೋದು ಒಂದು. ಸೊಳ್ಳೆ ಹೊತ್ತು ತರುವ ವೈರಸ್‌ಗಳದ್ದು ಇನ್ನೊಂದು. ಮೊದಲನೆಯದು ಮನಸ್ಸಿನ ಡಾಕ್ಟರ್ ಹೇಳಬೇಕಾದದ್ದು, ಎರಡನೆಯದು ಆರೋಗ್ಯ ಇಲಾಖೆಯವರು ಹೇಳಬೇಕಾದದ್ದು, ಎರಡನ್ನೂ ಒಂದೇ ಸಂಜೆ ಯಾಕೆ ಅಂತ ನಿಮಗೆ ಅನ್ನಿಸಬಹುದು.

ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಇವೆರಡೂ ಒಂದೇ ಜಾಗದಲ್ಲಿ ಸಿಗುತ್ತವೆ. ಬಚ್ಚಲಿನ ಪಕ್ಕ ಇಟ್ಟ ನೀಲಿ ಡ್ರಮ್ಮಿನಲ್ಲಿ. ನೀರು ಮತ್ತೆ ಯಾವಾಗ ಬಿಡುತ್ತಾರೋ ಗೊತ್ತಿಲ್ಲ ಅಂತ ಅದನ್ನು ತುಂಬಿಡುತ್ತೇವೆ. ಆ ಗೊತ್ತಿಲ್ಲದೇ ಇರೋದು ಒತ್ತಡ. ತುಂಬಿಟ್ಟ ಆ ನೀರಿನಲ್ಲೇ ಡೆಂಗಿ ಸೊಳ್ಳೆ ಬೆಳೆಯುತ್ತದೆ. ಹಾಗಾಗಿ ನೀರು ಬರುವ ದಿನವನ್ನೂ ಹೊತ್ತನ್ನೂ ಜನರಿಗೆ ಮೊದಲೇ ತಿಳಿಸುವುದು ಬರೀ ಸೌಕರ್ಯದ ಮಾತಲ್ಲ, ಅದು ಆರೋಗ್ಯದ ಕೆಲಸ. ನಾನು ಇವತ್ತು ಹೇಳೋಕೆ ಬಂದಿರೋದು ಇದನ್ನೇ. ಇದಕ್ಕೆ ಆಧಾರ ಇದೆ. ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ಒತ್ತಡವನ್ನು ಅಳೆದವರು

"ಟೆನ್ಷನ್ ಮಾಡ್ಕೋಬೇಡಿ, ಬಿಪಿ ಬರುತ್ತೆ" ಅಂತ ದಿನಾ ಒಬ್ಬರಿಗೊಬ್ಬರು ಹೇಳುತ್ತೇವೆ. ಇದರ ಹಿಂದೆ ನೂರು ವರ್ಷಕ್ಕೂ ಮೀರಿದ ಹುಡುಕಾಟ ಇದೆ. ಹೆದರಿಕೆಯಾದಾಗ ಮೈ ಹೊಡೆದಾಡಲು ಅಥವಾ ಓಡಲು ಸಿದ್ಧವಾಗುತ್ತದೆ ಅಂತ ಅಮೆರಿಕದ ವಾಲ್ಟರ್ ಕ್ಯಾನನ್ 1915ರ ಹೊತ್ತಿಗೇ ಬರೆದಿದ್ದರು. 1936ರಲ್ಲಿ ಹಾನ್ಸ್ ಸೆಲ್ಯೆ ಇಲಿಗಳ ಮೇಲೆ ಪ್ರಯೋಗ ಮಾಡಿ ಇನ್ನೊಂದು ಸಂಗತಿ ಕಂಡರು. ಚಳಿಯೋ ಗಾಯವೋ ಅತಿ ದುಡಿತವೋ, ಕಾರಣ ಯಾವುದಾದರೂ ಇರಲಿ, ಮೈಯಲ್ಲಿ ಆಗುವ ಹಾನಿ ಹೆಚ್ಚುಕಮ್ಮಿ ಒಂದೇ ಬಗೆಯದು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ದೊಡ್ಡದಾಗುತ್ತದೆ, ರೋಗದ ವಿರುದ್ಧ ಹೋರಾಡುವ ಕಣಗಳಿಗೆ ನೆಲೆಯಾದ ಥೈಮಸ್ ಕುಗ್ಗುತ್ತದೆ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ.

ಮನುಷ್ಯರ ಒತ್ತಡವನ್ನು ಅಂಕಿಯಲ್ಲಿ ಹಿಡಿಯಲು ನೋಡಿದವರು ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ. 1967ರಲ್ಲಿ ಅವರು ಬದುಕಿನ 43 ಘಟನೆಗಳ ಪಟ್ಟಿ ಮಾಡಿ ಒಂದೊಂದಕ್ಕೂ ಅಂಕ ಕೊಟ್ಟರು. ಗಂಡ ಅಥವಾ ಹೆಂಡತಿಯ ಸಾವಿಗೆ 100, ವಿಚ್ಛೇದನಕ್ಕೆ 73, ಮದುವೆಗೆ 50. ಮದುವೆ ಸಂತೋಷದ್ದೇ ಇರಬಹುದು, ಆದರೂ ಬದುಕು ಪೂರ್ತಿ ಬದಲಾಗುತ್ತದಲ್ಲ, ಅದಕ್ಕೂ ಅಂಕ ಇದೆ. ಒಂದು ವರ್ಷದಲ್ಲಿ 300 ದಾಟಿದವರು ಕಾಯಿಲೆ ಬೀಳುವ ಸಾಧ್ಯತೆ ಜಾಸ್ತಿ ಅನ್ನೋದು ಅವರ ಲೆಕ್ಕ.

ಆ ಪಟ್ಟಿ ನಮಗೆ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಮನೆ ಸಾಲ ಇದೆ, ಕ್ರಿಸ್‌ಮಸ್ ಹಬ್ಬ ಇದೆ. ಕೈಗೆ ಬಂದ ಬೆಳೆ ಹಾಳಾಗುವುದು ಇಲ್ಲ. 1984ರಲ್ಲಿ ಗುರ್ಮೀತ್ ಸಿಂಗ್ ಮತ್ತು ಅವರ ಜೊತೆಯವರು ನಮ್ಮ ದೇಶಕ್ಕೆ ಅಂತಲೇ 51 ಘಟನೆಗಳ ಪಟ್ಟಿ ಮಾಡಿದರು. ಅದರಲ್ಲಿ ಮಗಳ ಅಥವಾ ತಂಗಿಯ ಮದುವೆ ಇದೆ. ವರದಕ್ಷಿಣೆ ಜಗಳ ಇದೆ. ಬೆಳೆ ಹಾಳಾಗುವುದು, ದೊಡ್ಡ ಸಾಲ, ಮಕ್ಕಳಾಗದಿರುವುದು ಇವೆ. ಗಂಡು ಮಗು ಇಲ್ಲದಿರುವುದೂ ಇದೆ. ಅದು ಅಲ್ಲಿರಬೇಕಾಗಿ ಬಂತಲ್ಲ ಅನ್ನೋದು ಬೇಸರದ ವಿಷಯ. ಆದರೆ ಆ ಕಾರಣಕ್ಕೆ ಎಷ್ಟು ಹೆಣ್ಣುಮಕ್ಕಳು ಮಾತು ಕೇಳಿಸಿಕೊಂಡಿದ್ದಾರೆ ಅಂತ ಇಲ್ಲಿ ಕೂತಿರುವ ಅಕ್ಕಂದಿರಿಗೆ ನಾನು ಹೇಳಬೇಕಾಗಿಲ್ಲ.

ಜಗಳೂರು, ಚಳ್ಳಕೆರೆ ಕಡೆಯ ಒಬ್ಬ ಶೇಂಗಾ ರೈತನನ್ನು ನೆನೆಯಿರಿ. ಮಳೆ ಕೈಕೊಟ್ಟಿದೆ. ಬೋರ್‌ವೆಲ್ ಫೇಲಾಗಿದೆ. ಮಗಳ ಮದುವೆ ಇದೆ. ಸೊಸೈಟಿಯಲ್ಲಿ ಸಾಲ, ಅದು ಸಾಲದೆ ಕೈಗಡ. ಈ ಪಟ್ಟಿ ಹಿಡಿದು ಕೂಡಿಸಿದರೆ ಅವನ ಅಂಕ ಎಲ್ಲಿಗೆ ಮುಟ್ಟುತ್ತದೆ ಅಂತ ಊಹಿಸಬಹುದು.

ದೊಡ್ಡ ಘಟನೆಗಳು ಬದುಕಿನಲ್ಲಿ ಅಪರೂಪ. ದಿನಾ ಮೈಗೆ ತಾಗುವುದು ಸಣ್ಣ ಕಿರಿಕಿರಿಗಳು. 1981ರಲ್ಲಿ ರಿಚರ್ಡ್ ಲಾಜರಸ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಸಾವು, ವಿಚ್ಛೇದನದಂಥ ದೊಡ್ಡ ಘಟನೆಗಳಿಗಿಂತ ದಿನನಿತ್ಯದ ಕಿರಿಕಿರಿಗಳೇ ಮನಸ್ಸಿನ ತೊಂದರೆಯನ್ನು ಚೆನ್ನಾಗಿ ಮುಂಗಾಣುತ್ತವೆ ಅಂತ ಅವರಿಗೆ ಕಂಡಿತು. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ. ನೀರಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಮೂಗಿಗೆ ವೈರಸ್ ಹಾಕಿಸಿಕೊಂಡ 394 ಜನ

ಒತ್ತಡಕ್ಕೂ ವೈರಸ್‌ಗೂ ನೇರ ಸಂಬಂಧ ಇದೆಯಾ? ಇದನ್ನು ಗಟ್ಟಿಯಾಗಿ ತೋರಿಸಿದ್ದು ಶೆಲ್ಡನ್ ಕೋಹೆನ್ ಮತ್ತು ಅವರ ತಂಡ. 1991ರಲ್ಲಿ ಪ್ರಕಟವಾದ ಅಧ್ಯಯನ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ನೆಗಡಿಯ ಅಧ್ಯಯನಕ್ಕೆ ಅಂತಲೇ ಒಂದು ಕೇಂದ್ರ ಇತ್ತು. ಅಲ್ಲಿ 394 ಆರೋಗ್ಯವಂತರು ತಾವಾಗಿಯೇ ಒಪ್ಪಿ ಬಂದರು. ಮೊದಲು ಅವರಿಗೆ ಪ್ರಶ್ನಾವಳಿ ಕೊಟ್ಟು, ಕಳೆದ ವರ್ಷದಲ್ಲಿ ಏನೇನು ಆಯಿತು, ಬದುಕು ಕೈಮೀರಿದೆ ಅನ್ನಿಸುತ್ತಿದೆಯಾ ಅಂತೆಲ್ಲ ಕೇಳಿದರು. ಆಮೇಲೆ ಮೂಗಿಗೆ ನೆಗಡಿ ವೈರಸ್ ಇರುವ ಹನಿ ಬಿಟ್ಟರು. ಬೇರೆಯವರಿಂದ ದೂರ ಇಟ್ಟು ದಿನಾ ನೋಡಿದರು.

ಎಲ್ಲರ ಮೂಗಿಗೂ ವೈರಸ್ ಬಿದ್ದಿತ್ತು. ಆದರೆ ಎಲ್ಲರಿಗೂ ನೆಗಡಿ ಬರಲಿಲ್ಲ. ಒತ್ತಡ ತೀರಾ ಕಮ್ಮಿ ಇದ್ದವರಲ್ಲಿ ಶೇ 27ರಷ್ಟು ಜನ ಕಾಯಿಲೆ ಬಿದ್ದರು. ತೀರಾ ಜಾಸ್ತಿ ಇದ್ದವರಲ್ಲಿ ಶೇ 47. ನಡುವಿನವರು ನಡುವೆಯೇ ಇದ್ದರು. ವಯಸ್ಸು, ಬೀಡಿ ಸಿಗರೇಟು, ನಿದ್ದೆ, ಊಟ ಎಲ್ಲ ಲೆಕ್ಕ ಹಾಕಿ ನೋಡಿದರೂ ಈ ವ್ಯತ್ಯಾಸ ಹೋಗಲಿಲ್ಲ.

1998ರಲ್ಲಿ 276 ಜನರ ಮೇಲೆ ಅದೇ ತಂಡ ಮತ್ತೊಂದು ಅಧ್ಯಯನ ಪ್ರಕಟಿಸಿತು. ಯಾವ ಒತ್ತಡ ಹಾನಿ ಮಾಡುತ್ತದೆ ಅನ್ನೋದು ಪ್ರಶ್ನೆ. ಒಂದು ತಿಂಗಳಿಗಿಂತ ಕಮ್ಮಿ ಇದ್ದ ಒತ್ತಡ ಏನೂ ಮಾಡಲಿಲ್ಲ. ತಿಂಗಳು ದಾಟಿದ್ದು ಹಾನಿ ಮಾಡಿತು. ಅದರಲ್ಲೂ ಎರಡು ಎದ್ದು ಕಂಡವು. ಕೆಲಸ ಇಲ್ಲದಿರುವುದು ಅಥವಾ ಅರೆಬರೆ ಕೆಲಸ ಒಂದು, ಮನೆಯವರ ಅಥವಾ ಗೆಳೆಯರ ಜೊತೆ ಮುಗಿಯದ ಮನಸ್ತಾಪ ಇನ್ನೊಂದು. ಈ ಊರಿನಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲವನ್ನು ಕಂಡ ಹಿರಿಯರು ಇಲ್ಲಿದ್ದೀರಿ. ದುಡಿಮೆ ನಿಂತ ಮನೆಯಲ್ಲಿ ಏನೇನು ಕಾಯಿಲೆ ಒಳಗೆ ಬಂತು ಅಂತ ನಿಮ್ಮನ್ನೇ ಕೇಳಬೇಕು.

ಅವರೇ ಮಾಡಿದ ಇನ್ನೊಂದು ಅಧ್ಯಯನ ನನಗೆ ತುಂಬಾ ಇಷ್ಟ. 1997ರದ್ದು. ಗಂಡ, ಹೆಂಡತಿ, ಮಕ್ಕಳು, ನೆರೆಹೊರೆ, ಕೆಲಸದ ಜೊತೆಯವರು, ಗುಡಿಯಲ್ಲಿ ಸಿಗುವವರು, ಸಂಘದವರು, ಹೀಗೆ ಎಷ್ಟು ಬಗೆಯ ಜನರ ಜೊತೆ ಒಡನಾಟ ಇದೆ ಅಂತ ಎಣಿಸಿದರು. ಮೂರು ಅಥವಾ ಅದಕ್ಕೂ ಕಮ್ಮಿ ಬಗೆಯ ನಂಟು ಇದ್ದವರಿಗೆ ನೆಗಡಿಯಾಗುವ ಸಾಧ್ಯತೆ, ಆರು ಅಥವಾ ಅದಕ್ಕೂ ಹೆಚ್ಚು ಬಗೆ ಇದ್ದವರಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ. ಜನರ ಜೊತೆ ಬೆರೆತರೆ ವೈರಸ್ ಜಾಸ್ತಿ ತಗಲಬೇಕು ಅಲ್ವಾ? ಆದದ್ದು ತಿರುಗಾಮುರುಗಾ.

ಇನ್ನು ಗಾಯದ ವಿಷಯ. ಓಹಾಯೋ ರಾಜ್ಯದ ಜಾನಿಸ್ ಕೀಕೋಲ್ಟ್ ಗ್ಲೇಸರ್ ತಂಡ 1995ರಲ್ಲಿ, ಮರೆವಿನ ಕಾಯಿಲೆಯ ಹಿರಿಯರನ್ನು ಮನೆಯಲ್ಲೇ ನೋಡಿಕೊಳ್ಳುತ್ತಿದ್ದ 13 ಹೆಂಗಸರ ತೋಳಿನ ಮೇಲೆ 3.5 ಮಿಲಿಮೀಟರಿನ ಸಣ್ಣ ಗಾಯ ಮಾಡಿ, ಅದು ಮಾಯಲು ಎಷ್ಟು ದಿನ ಬೇಕು ಅಂತ ನೋಡಿತು. ಅದೇ ವಯಸ್ಸಿನ, ಅಂಥ ಹೊಣೆ ಇಲ್ಲದ 13 ಹೆಂಗಸರ ಜೊತೆ ಹೋಲಿಸಿತು. ನೋಡಿಕೊಳ್ಳುವವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಜಾಸ್ತಿ ಬೇಕಾಯಿತು. ಲಕ್ವ ಹೊಡೆದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಸೊಸೆಯಂದಿರು ನಮ್ಮಲ್ಲಿ ಎಷ್ಟು ಜನ ಇದ್ದಾರೆ. ಅವರ ಆಯಾಸವನ್ನು ಯಾರೂ ಬರೆದಿಡುವುದಿಲ್ಲ. ಅದು ಅವರ ಚರ್ಮದ ಮೇಲೂ ಕಾಣುತ್ತದೆ ಅನ್ನೋದನ್ನು ಮನೆಯ ಗಂಡಸರು ತಿಳಿದುಕೊಂಡರೆ ಒಳ್ಳೆಯದು.

ಹೀಗೆ ಯಾಕಾಗುತ್ತದೆ? ಒತ್ತಡದಲ್ಲಿ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಬರುತ್ತದೆ. ಉರಿಯೂತ, ಅಂದರೆ ರೋಗಾಣುವಿನ ಜೊತೆ ಮೈ ಹೋರಾಡುವಾಗ ಆಗುವ ಊತ ಮತ್ತು ಉರಿ, ಹದ್ದು ಮೀರದಂತೆ ತಡೆಯುವುದು ಅದರ ಒಂದು ಕೆಲಸ. ಆದರೆ ತಿಂಗಳುಗಟ್ಟಲೆ ಹೀಗೇ ನಡೆದರೆ ರೋಗ ನಿರೋಧಕ ಕಣಗಳು ಅದಕ್ಕೆ ಸ್ಪಂದಿಸುವುದನ್ನೇ ಕಮ್ಮಿ ಮಾಡುತ್ತವೆ. ಮನೆಯಲ್ಲಿ ಸದಾ ಕೂಗಾಡುವವರ ಮಾತನ್ನು ಕೊನೆಗೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲವಲ್ಲ, ಹಾಗೆ. ಆಗ ಉರಿಯೂತ ಹತೋಟಿ ತಪ್ಪುತ್ತದೆ.

ಒಂದು ಎಚ್ಚರಿಕೆ. ಇವೆಲ್ಲ ನೆಗಡಿಯ ವೈರಸ್ ಮತ್ತು ಗಾಯದ ಮೇಲಿನ ಅಧ್ಯಯನಗಳು. ಟೆನ್ಷನ್ ಮಾಡಿಕೊಂಡರೆ ಡೆಂಗಿ ಬರುತ್ತದೆ ಅಂತ ಇವು ಹೇಳುವುದಿಲ್ಲ. ಡೆಂಗಿ ಬರುವುದು ಸೊಳ್ಳೆ ಕಚ್ಚಿದರೆ ಮಾತ್ರ. ಒತ್ತಡ ಮತ್ತು ಸೊಳ್ಳೆಯನ್ನು ನಾನು ಜೋಡಿಸುವುದು ಬೇರೆ ಕಡೆ.

ಮುನ್ಸೂಚನೆ ಇದ್ದ ಇಲಿ, ಇಲ್ಲದ ಇಲಿ

ಜೇ ವೈಸ್ ಅನ್ನುವವರು 1970ರ ಸುಮಾರಿಗೆ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಪ್ರಯೋಗ ಇದು. ಎರಡು ಇಲಿಗಳಿಗೆ ಒಂದೇ ಹೊತ್ತಿಗೆ, ಒಂದೇ ಪ್ರಮಾಣದ ಕರೆಂಟ್ ಶಾಕ್. ಒಂದು ಇಲಿಗೆ ಮಾತ್ರ ಶಾಕ್‌ಗೆ ಮೊದಲು ಒಂದು ಸದ್ದು ಕೇಳಿಸುತ್ತಿತ್ತು. ಇನ್ನೊಂದಕ್ಕೂ ಸದ್ದು ಕೇಳಿಸುತ್ತಿತ್ತು, ಆದರೆ ಶಾಕ್‌ಗೂ ಅದಕ್ಕೂ ಸಂಬಂಧ ಇರಲಿಲ್ಲ. ಮೊದಲನೆಯದರ ಹೊಟ್ಟೆಯಲ್ಲಿ ಹುಣ್ಣು ತುಂಬಾ ಕಮ್ಮಿ. ಎರಡನೆಯದರ ಹೊಟ್ಟೆ ತುಂಬಾ ಹುಣ್ಣು. ಪಟ್ಟ ನೋವು ಎರಡಕ್ಕೂ ಸಮ. ನೋವು ಯಾವಾಗ ಬರುತ್ತದೆ ಅಂತ ಒಂದಕ್ಕೆ ಗೊತ್ತಿತ್ತು, ಹಾಗಾಗಿ ಉಳಿದ ಹೊತ್ತು ಅದು ನಿರಾಳವಾಗಿ ಇರಬಹುದಿತ್ತು. ಇನ್ನೊಂದಕ್ಕೆ ಆ ಬಿಡುವೇ ಇರಲಿಲ್ಲ.

ಇದು ಪ್ರಾಣಿಗಳ ಮೇಲಿನ ಕ್ರೂರ ಪ್ರಯೋಗ, ನಿಜ. ಆದರೂ ಒತ್ತಡದ ಬಗ್ಗೆ ಇದು ಕಲಿಸಿದ್ದು ದೊಡ್ಡದು. ಕಷ್ಟ ಎಷ್ಟು ಅನ್ನೋದರ ಜೊತೆಗೆ, ಕಷ್ಟ ಯಾವಾಗ ಅನ್ನೋದು ಗೊತ್ತಿದೆಯಾ ಇಲ್ಲವಾ ಅನ್ನೋದೂ ಮೈಗೆ ಮುಖ್ಯ.

ನಮ್ಮ ಪಕ್ಕದ ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೂ ಒಂದು ಅಧ್ಯಯನ ನಡೆದಿದೆ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತಿತರರು 2013ರಲ್ಲಿ ಪ್ರಕಟಿಸಿದ್ದು. 464 ರೈತರಿಗೆ ಕಟಾವಿಗೆ ಮೊದಲು ಒಮ್ಮೆ, ಕಟಾವು ಮುಗಿದು ದುಡ್ಡು ಬಂದ ಮೇಲೆ ಒಮ್ಮೆ, ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆ ಕೊಟ್ಟರು. ಅದೇ ರೈತ, ಅದೇ ತಲೆ. ದುಡ್ಡಿಗೆ ಪರದಾಡುವ ಹೊತ್ತಿನಲ್ಲಿ ಅಂಕ ಕಮ್ಮಿ ಬಂತು, ಆಮೇಲೆ ಜಾಸ್ತಿ ಬಂತು. ಚಿಂತೆ ತಲೆಯೊಳಗೆ ಜಾಗ ಹಿಡಿದು ಕೂತಾಗ ಬೇರೆ ಯೋಚನೆಗೆ ಜಾಗ ಉಳಿಯುವುದಿಲ್ಲ. ಆಶಾ ಕಾರ್ಯಕರ್ತೆ ಬಂದು "ಡ್ರಮ್ ತೊಳೆದಿರಾ?" ಅಂತ ಕೇಳಿದಾಗ ಮನೆಯವರು ಮರೆತಿದ್ದರೆ ಅದನ್ನು ಸೋಮಾರಿತನ ಅನ್ನುವ ಮೊದಲು ಇದನ್ನೂ ಯೋಚಿಸಬೇಕು.

ಈಗ ಸೊಳ್ಳೆ

ನಮ್ಮ ಸೀಮೆಯಲ್ಲಿ ಸೊಳ್ಳೆಯಿಂದ ಬರುವ ವೈರಸ್ ಕಾಯಿಲೆಗಳಲ್ಲಿ ಮುಖ್ಯವಾದವು ಮೂರು. ಡೆಂಗಿ, ಚಿಕೂನ್‌ಗುನ್ಯಾ, ಜಪಾನೀಸ್ ಮೆದುಳು ಜ್ವರ. ಝೀಕಾ ರಾಜ್ಯದಲ್ಲಿ ಮೊದಲು ಕಂಡದ್ದು 2022ರ ಡಿಸೆಂಬರ್‌ನಲ್ಲಿ, ರಾಯಚೂರು ಜಿಲ್ಲೆಯಲ್ಲಿ. ಪಕ್ಕದ ಶಿವಮೊಗ್ಗದ ಮಂಗನ ಕಾಯಿಲೆಯನ್ನು ಕೆಲವರು ಇದರ ಜೊತೆ ಸೇರಿಸುತ್ತಾರೆ. ಅದನ್ನು ಹರಡುವುದು ಉಣ್ಣೆ, ಸೊಳ್ಳೆ ಅಲ್ಲ.

ಮೆದುಳು ಜ್ವರದ ದಾರಿ ಬೇರೆ. ಅದರದ್ದು ಕ್ಯೂಲೆಕ್ಸ್ ಸೊಳ್ಳೆ, ಭತ್ತದ ಗದ್ದೆಯ ನೀರಿನಲ್ಲಿ ಬೆಳೆಯುತ್ತದೆ, ಸಂಜೆ ಮತ್ತು ರಾತ್ರಿ ಕಚ್ಚುತ್ತದೆ. ವೈರಸ್ ಹಂದಿ ಮತ್ತು ಬೆಳ್ಳಕ್ಕಿಯಂಥ ಹಕ್ಕಿಗಳಲ್ಲಿ ಇರುತ್ತದೆ. ಭದ್ರಾ ನಾಲೆಯ ಭತ್ತದ ಸೀಮೆಯವರು ಇದನ್ನು ಮರೆಯಬಾರದು. ದಾವಣಗೆರೆ, ಚಿತ್ರದುರ್ಗ ಎರಡೂ ಈ ಕಾಯಿಲೆಯ ಜಿಲ್ಲೆಗಳ ಪಟ್ಟಿಯಲ್ಲಿವೆ. ಮಗುವಿಗೆ ಒಂಬತ್ತು ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಲಸಿಕೆ ಸರ್ಕಾರವೇ ಹಾಕುತ್ತದೆ. ತಪ್ಪಿಸಬೇಡಿ. ಇಷ್ಟು ಹೇಳಿ ಇದನ್ನು ಬಿಡುತ್ತೇನೆ, ಯಾಕೆಂದರೆ ನನ್ನ ಮಾತು ಡ್ರಮ್ಮಿನದು.

ಡೆಂಗಿ, ಚಿಕೂನ್‌ಗುನ್ಯಾ ಹರಡುವ ಈ ಡ್ರಮ್ಮಿನ ಸೊಳ್ಳೆ ಈಡಿಸ್ ಈಜಿಪ್ಟೈ. ಕಪ್ಪು ಮೈ, ಕಾಲಿನ ಮೇಲೆ ಬಿಳಿ ಪಟ್ಟಿ. ಹಗಲು ಕಚ್ಚುತ್ತದೆ, ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ ಜಾಸ್ತಿ. ಚರಂಡಿಯ ಕೊಳಕು ನೀರು ಇದಕ್ಕೆ ಅಷ್ಟು ಸೇರುವುದಿಲ್ಲ. ನಾವು ಕುಡಿಯುವಂಥ, ಸ್ನಾನ ಮಾಡುವಂಥ ತಿಳಿ ನೀರೇ ಬೇಕು. ಡ್ರಮ್, ಸಂಪು, ಸಿಮೆಂಟ್ ತೊಟ್ಟಿ, ದನಕ್ಕೆ ನೀರಿಡುವ ಕಲ್ಲುಬಾನಿ, ಹಳೇ ಟೈರು, ತೆಂಗಿನ ಚಿಪ್ಪು, ಫ್ರಿಜ್ ಹಿಂದಿನ ತಟ್ಟೆ. ಹುಟ್ಟಿದ ಮನೆಯ ಸುತ್ತಮುತ್ತಲೇ ಇದರ ಬದುಕು, ಸರಾಸರಿ ನಾನೂರು ಮೀಟರ್ ಒಳಗೆ. ಹಾಗಾಗಿ ನಿಮ್ಮನ್ನು ಕಚ್ಚಿದ ಸೊಳ್ಳೆ ನಿಮ್ಮದೋ ಪಕ್ಕದ ಮನೆಯದೋ ಆಗಿರುತ್ತದೆ. ಪಕ್ಕದೂರಿನದ್ದಲ್ಲ.

ಮೊಟ್ಟೆಯನ್ನು ಇದು ನೀರಿನ ಮೇಲೆ ಬಿಡುವುದಿಲ್ಲ. ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ ಅಂಟಿಸುತ್ತದೆ. ಡ್ರಮ್ ಖಾಲಿಯಾಗಿ ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಮತ್ತೆ ನೀರು ತುಂಬಿದಾಗ ಒಡೆಯುತ್ತದೆ. ನಮ್ಮ ಬಿಸಿಲಿನಲ್ಲಿ ವಾರದಿಂದ ಹತ್ತು ದಿನದೊಳಗೆ ಹಾರುವ ಸೊಳ್ಳೆಯಾಗುತ್ತದೆ. ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಬ್ರಷ್ ಹಾಕಿ ಉಜ್ಜಬೇಕು ಅನ್ನೋದು ಈ ಕಾರಣಕ್ಕೆ.

ನಿಂತ ನೀರಿಗೂ ಸೊಳ್ಳೆಗೂ ಇರುವ ಈ ನಂಟನ್ನು ರೊನಾಲ್ಡ್ ರಾಸ್ ಗಮನಿಸಿದ್ದು ನಮ್ಮ ಬೆಂಗಳೂರಿನಲ್ಲೇ. 1883ರಲ್ಲಿ ಅವರು ಅಲ್ಲಿ ಸೇನೆಯ ವೈದ್ಯರಾಗಿದ್ದರು. ಮನೆಯ ಹತ್ತಿರ ನೀರು ನಿಲ್ಲದಂತೆ ಮಾಡಿದರೆ ಸೊಳ್ಳೆ ಕಮ್ಮಿಯಾಗುತ್ತವೆ ಅಂತ ಕಂಡುಕೊಂಡರು. ಮಲೇರಿಯಾ ಪರಾವಲಂಬಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡದ್ದು ಆಮೇಲೆ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ.

ಚಿಕೂನ್‌ಗುನ್ಯಾ ನೆನಪಿದೆಯಲ್ಲ? ಮೂವತ್ತು ವರ್ಷ ದೇಶದಲ್ಲಿ ಕಾಣಿಸದೇ ಇದ್ದದ್ದು 2005ರ ಕೊನೆಗೆ ಮರಳಿತು. 2006ರಲ್ಲಿ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕರ್ನಾಟಕದ್ದೇ. ನಮ್ಮ ಕಡೆಯ ಹಳ್ಳಿಗಳಲ್ಲಿ ಗೋಡೆ ಹಿಡಿದು ನಡೆದವರನ್ನು ನಾವೆಲ್ಲ ನೋಡಿದ್ದೇವೆ. ಜ್ವರ ವಾರದಲ್ಲಿ ಹೋಯಿತು. ಕೀಲು ನೋವು ಕೆಲವರಿಗೆ ತಿಂಗಳು, ಕೆಲವರಿಗೆ ವರ್ಷ ಉಳಿಯಿತು. ಕಳೆ ಕೀಳುವ, ಕೂಲಿಗೆ ಹೋಗುವ ಹೆಂಗಸಿಗೆ ಬೆರಳು ಮಡಚಲು ಆಗದಿದ್ದರೆ ಅವಳ ಮನೆಯ ಗತಿ ಏನು? ಸೊಳ್ಳೆ ತಂದ ಕಾಯಿಲೆ ಹೀಗೆ ಬದುಕಿನ ಒತ್ತಡವಾಗಿ ಉಳಿದುಬಿಡುತ್ತದೆ.

ಡೆಂಗಿಯಲ್ಲಿ ನಾಲ್ಕು ಬಗೆ ಇವೆ. ಒಂದು ಬಗೆ ಬಂದು ಹೋದರೆ ಅದರ ವಿರುದ್ಧ ಬಹುಕಾಲ ರಕ್ಷಣೆ ಸಿಗುತ್ತದೆ, ಉಳಿದ ಮೂರರ ವಿರುದ್ಧ ಸಿಗುವುದಿಲ್ಲ. ಎರಡನೇ ಸಲ ಬೇರೆ ಬಗೆ ಬಂದಾಗ ಹಳೆಯ ಪ್ರತಿಕಾಯಗಳೇ ವೈರಸ್‌ಗೆ ಕಣದೊಳಗೆ ದಾರಿ ಮಾಡಿಕೊಡುವುದುಂಟು. "ಒಮ್ಮೆ ಬಂದಿದೆ, ಇನ್ನು ಭಯ ಇಲ್ಲ" ಅನ್ನೋದು ತಪ್ಪು. ಎರಡನೇ ಸಲ ಇನ್ನೂ ಹುಷಾರಾಗಿರಬೇಕು.

ಎರಡೂ ಸೇರುವ ಜಾಗ

2011ರಲ್ಲಿ ವಿಯೆಟ್ನಾಮಿನಿಂದ ಒಂದು ಅಧ್ಯಯನ ಬಂತು. ಡೆಂಗಿ ಹೆಚ್ಚು ಎಲ್ಲಿ ಅಂತ ನೋಡಿದರೆ, ಕಿಕ್ಕಿರಿದ ನಗರದ ನಡುವೆ ಅಲ್ಲ. ಚದರ ಕಿಲೋಮೀಟರಿಗೆ 3,000ದಿಂದ 7,000 ಜನ ಇರುವ, ನಲ್ಲಿ ನೀರಿನ ವ್ಯವಸ್ಥೆ ಇಲ್ಲದ ಜಾಗಗಳಲ್ಲಿ. ಅಂದರೆ ದೊಡ್ಡ ಹಳ್ಳಿಗಳು, ಊರಿನ ಅಂಚಿನ ಬಡಾವಣೆಗಳು. ಅಲ್ಲಿ ಜನರೂ ಇದ್ದಾರೆ, ತುಂಬಿಟ್ಟ ನೀರೂ ಇದೆ. ನಮ್ಮ ಜಿಲ್ಲೆಗಳಲ್ಲಿ ಇಂಥ ಊರುಗಳನ್ನು ಬೆರಳು ಮಾಡಿ ತೋರಿಸಬಹುದು.

ನೀರಿನ ಚಿಂತೆಯನ್ನೂ ಅಳೆದವರಿದ್ದಾರೆ. 2019ರಲ್ಲಿ ಸೆರಾ ಯಂಗ್ ಮತ್ತು ಜೊತೆಯವರು ಹಲವು ದೇಶಗಳಲ್ಲಿ ಪರೀಕ್ಷಿಸಿ 12 ಪ್ರಶ್ನೆಗಳ ಅಳತೆಗೋಲು ಮಾಡಿದರು. ಅದರಲ್ಲಿ ಎಷ್ಟು ಲೀಟರ್ ಅನ್ನುವ ಪ್ರಶ್ನೆಯೇ ಇಲ್ಲ. ಮನೆಗೆ ನೀರು ಸಾಲದೇ ಹೋಗಬಹುದು ಅಂತ ಚಿಂತೆಯಾಯಿತಾ, ನೀರಿನ ಕಾರಣಕ್ಕೆ ದಿನದ ಕೆಲಸ ಬದಲಿಸಬೇಕಾಯಿತಾ, ಸಿಟ್ಟು ಬಂತಾ, ನಾಚಿಕೆಯಾಯಿತಾ ಅಂತ ಕೇಳುತ್ತದೆ. ಬೊಲಿವಿಯಾದ ಕೊಚಬಾಂಬಾ ನಗರದ ಬಡ ಬಡಾವಣೆಯೊಂದರಲ್ಲಿ ಆಂಬರ್ ವೂಟಿಚ್ 2008ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನದು. ಸಿಕ್ಕ ನೀರಿನ ಪ್ರಮಾಣಕ್ಕಿಂತ, ನೀರು ಹಂಚುವ ವ್ಯವಸ್ಥೆ ತನ್ನ ಕೈಗೆ ಎಟಕುತ್ತದಾ ಇಲ್ಲವಾ ಅನ್ನೋದೇ ಮನಸ್ಸಿನ ಸಂಕಟಕ್ಕೆ ಹೆಚ್ಚು ಕಾರಣ. ಹೆಂಗಸರಿಗೆ ಆ ಸಂಕಟ ಜಾಸ್ತಿ.

ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ ಅಣೆಕಟ್ಟು 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಡೀ ಜಿಲ್ಲೆ ಹೋಗಿ ನೋಡಿ ಖುಷಿಪಟ್ಟಿತು. ಕಟ್ಟೆ ತುಂಬಿದ್ದು ದೊಡ್ಡ ಸಂಗತಿಯೇ. ಆದರೆ ಮನೆಯ ಹೆಂಗಸಿಗೆ ಬೇಕಾದದ್ದು ನಲ್ಲಿಯಲ್ಲಿ ಯಾವಾಗ ಬರುತ್ತೆ ಅನ್ನುವ ಉತ್ತರ.

ಆ ಉತ್ತರ ಕೊಟ್ಟರೆ ಏನಾಗುತ್ತದೆ ಅಂತ ಬೆಂಗಳೂರಿನಲ್ಲೇ ಪರೀಕ್ಷೆ ನಡೆದಿದೆ. ನೀರು ಬಿಡುವ ಮೊದಲು ಮನೆಯವರ ಮೊಬೈಲಿಗೆ ಸಂದೇಶ ಕಳಿಸುವ ವ್ಯವಸ್ಥೆ. ಕುಮಾರ್, ಪೋಸ್ಟ್, ರೇ ಅನ್ನುವ ಮೂವರು ಸಂಶೋಧಕರು ಇದರ ಫಲ ನೋಡಿ 2018ರಲ್ಲಿ ಬರೆದರು. ಕಾಯುವ ಹೊತ್ತು ಕಮ್ಮಿಯಾಗಲಿಲ್ಲ. ಸರ್ಕಾರದ ಬಗ್ಗೆ ಜನರ ಅಭಿಪ್ರಾಯವೂ ಬದಲಾಗಲಿಲ್ಲ. ಒತ್ತಡ ಮಾತ್ರ ಇಳಿಯಿತು.

ಇದು ಸಣ್ಣ ಫಲ ಅಂತ ಯಾರಾದರೂ ಅನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಆ ವ್ಯವಸ್ಥೆಗೆ ಹೆಚ್ಚಿನ ಫಲ ಯಾಕೆ ಸಿಗಲಿಲ್ಲ ಅಂತಲೂ ಅವರು ಹುಡುಕಿದ್ದಾರೆ. ವಾಲ್ವ್ ತಿರುಗಿಸುವವರು ಎಷ್ಟೋ ಸಲ ಸರಿಯಾಗಿ ಮಾಹಿತಿ ಕೊಡುತ್ತಿರಲಿಲ್ಲ. ಇನ್ನು, ಸಂದೇಶ ಬರುತ್ತಿದ್ದ ಫೋನು ಗಂಡಸರ ಕೈಯಲ್ಲಿ, ನೀರು ಹಿಡಿಯುವವರು ಹೆಂಗಸರು. ಇವೆರಡೂ ಸರಿಮಾಡಬಹುದಾದ ಕೊರತೆಗಳು.

ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರಿಂದ 24 ಗಂಟೆ ನೀರು ಬರುತ್ತಿದೆ. ಅಲ್ಲಿ ಅಧ್ಯಯನ ಮಾಡಿದವರಿಗೆ ಕಂಡದ್ದೇನು? ನೀರು ನಿರಂತರ ಬಂದ ಮೇಲೂ ಜನ ತುಂಬಿಡುವುದನ್ನು ಬಿಟ್ಟಿರಲಿಲ್ಲ. ಅದು ಸಹಜ. ವರ್ಷಗಟ್ಟಲೆ ಕಾದು ಕಲಿತ ಅಭ್ಯಾಸ ಒಂದು ದಿನಕ್ಕೆ ಹೋಗುತ್ತದಾ? ನಮ್ಮಲ್ಲೂ ಜಲಸಿರಿ ಯೋಜನೆಯಿಂದ 24 ಗಂಟೆ ನೀರು ಕೊಡುವ ಕೆಲಸ ನಡೆದಿದೆ. ಪೈಪ್ ಹಾಕಿದರಷ್ಟೇ ಡ್ರಮ್ಮುಗಳು ಖಾಲಿಯಾಗುವುದಿಲ್ಲ. ನೀರು ಬಂದೇ ಬರುತ್ತದೆ ಅಂತ ಜನರಿಗೆ ನಂಬಿಕೆ ಬಂದಾಗ ಖಾಲಿಯಾಗುತ್ತವೆ.

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗಗಳ ನಿಯಮದಡಿ ತಂದು, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200 ರೂಪಾಯಿ ದಂಡ ಅಂದಿತು. ಕಟ್ಟಡ ಕಟ್ಟುವ ಜಾಗದಲ್ಲಿ, ಅಂಗಡಿಗಳಲ್ಲಿ ನೀರು ನಿಲ್ಲಿಸಿಕೊಂಡವರಿಗೆ ದಂಡ ಹಾಕಿ, ಸರಿ. ಆದರೆ ನೀರು ಯಾವಾಗ ಬರುತ್ತೆ ಅಂತ ಹೇಳದೆ, ಹೆದರಿ ತುಂಬಿಟ್ಟವಳಿಗೆ ದಂಡ ಹಾಕುವುದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ.

ಸಭಿಕರು ಕೇಳಿದ್ದು

"ಫಾಗಿಂಗ್ ಮಾಡಿಸಿದರೆ ಸಾಕಲ್ವಾ ಸರ್?" ಅಂತ ಒಬ್ಬ ಯುವಕ ಕೇಳಿದರು. ಸಾಲದು. ಆ ಹೊಗೆ ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ. ಈ ಸೊಳ್ಳೆ ಮನೆಯೊಳಗೆ ಮಂಚದ ಕೆಳಗೆ, ನೇತುಹಾಕಿದ ಬಟ್ಟೆಯ ಹಿಂದೆ ಕೂತಿರುತ್ತದೆ. ಡ್ರಮ್ಮಿನ ಮರಿಗಳಿಗಂತೂ, ಅಂದರೆ ಲಾರ್ವಾಗಳಿಗೆ, ಹೊಗೆ ತಟ್ಟುವುದೇ ಇಲ್ಲ. ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜುವುದು, ಬಿಗಿಯಾದ ಮುಚ್ಚಳ ಅಥವಾ ಹಳೇ ಸೀರೆಯ ಬಟ್ಟೆ ಕಟ್ಟುವುದು, ಖಾಲಿ ಮಾಡಲಾಗದ ದೊಡ್ಡ ತೊಟ್ಟಿಗೆ ಆರೋಗ್ಯ ಇಲಾಖೆಯವರಿಂದ ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಬಿಡಿಸುವುದು, ಇವು ಕೆಲಸ ಮಾಡುತ್ತವೆ.

ಪ್ಲೇಟ್‌ಲೆಟ್ ಬಗ್ಗೆ ಒಬ್ಬ ತಾಯಿ ಕೇಳಿದರು. ಎಣಿಕೆ ಇಳಿಯಿತು ಅಂದ ಮಾತ್ರಕ್ಕೆ ಪ್ಲೇಟ್‌ಲೆಟ್ ಏರಿಸಬೇಕಾಗಿಲ್ಲ. ರಕ್ತಸ್ರಾವ ಇದೆಯಾ, ಎಣಿಕೆ ತೀರಾ ಕೆಳಗೆ ಹೋಗಿದೆಯಾ ಅಂತ ವೈದ್ಯರು ನೋಡಿ ಹೇಳುತ್ತಾರೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಜಾಸ್ತಿಯಾಗಬಹುದು. ಓಆರ್‌ಎಸ್, ಗಂಜಿ, ಎಳನೀರು ಚೆನ್ನಾಗಿ ಕೊಡಿ. ಎಲ್ಲಕ್ಕಿಂತ ಮುಖ್ಯ ಒಂದಿದೆ. ಜ್ವರ ಇಳಿಯುವ ಹೊತ್ತೇ, ಅಂದರೆ ಮೂರರಿಂದ ಏಳನೇ ದಿನದ ನಡುವೆ, ಅಪಾಯದ ಹೊತ್ತು. ಹೊಟ್ಟೆ ನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕು ಕಂಡರೆ ಒಂದು ನಿಮಿಷವೂ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಮತ್ತೆ, ಜ್ವರ ಬಂದವರು ಹಗಲಲ್ಲೂ ಸೊಳ್ಳೆ ಪರದೆಯೊಳಗೆ ಮಲಗಬೇಕು. ಅವರನ್ನು ಕಚ್ಚಿದ ಸೊಳ್ಳೆಯೇ ಎಂಟು ಹತ್ತು ದಿನದ ನಂತರ ಮನೆಯ ಉಳಿದವರಿಗೆ ಕೊಡುವುದು.

ಇನ್ನೊಬ್ಬರು ಕೇಳಿದ್ದು, ಮನಸ್ಸಿನ ಒತ್ತಡಕ್ಕೆ ಎಲ್ಲಿಗೆ ಹೋಗಬೇಕು ಅಂತ. ಟೆಲಿ ಮಾನಸ್ ಅನ್ನುವ ಉಚಿತ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರು ಸಿಗುತ್ತಾರೆ. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಸುಮ್ನೆ ಕೂರಬೇಡಿ, ಅವತ್ತೇ ಫೋನ್ ಮಾಡಿ.

ಕೊನೆಗೆ ಒಬ್ಬ ಆಶಾ ಕಾರ್ಯಕರ್ತೆ ಎದ್ದು ನಿಂತು, "ನಾವು ಮನೆ ಮನೆಗೆ ಹೋಗಿ ಲಾರ್ವಾ ನೋಡ್ತೀವಿ, ಚೆಲ್ಲಿ ಅಂತೀವಿ. 'ಚೆಲ್ಲಿದ್ರೆ ನಾಳೆ ನೀವು ನೀರು ತಂದ್ಕೊಡ್ತೀರಾ?' ಅಂತಾರೆ. ಏನು ಹೇಳೋದು?" ಅಂತ ಕೇಳಿದರು.

ಅಕ್ಕ, ಅವರು ಕೇಳುವುದು ಸರಿಯಾಗೇ ಇದೆ. ಅದಕ್ಕೆ ಉತ್ತರ ನೀವು ಕೊಡಬೇಕಾದದ್ದಲ್ಲ, ನೀರು ಬಿಡುವವರು ಕೊಡಬೇಕಾದದ್ದು. ಯಾವ ಬೀದಿಗೆ ಯಾವ ದಿನ, ಎಷ್ಟು ಗಂಟೆಗೆ ಅಂತ ವಾರದ ಪಟ್ಟಿ ಬರೆದು ಅಂಗನವಾಡಿ ಗೋಡೆಗೆ, ರೇಷನ್ ಅಂಗಡಿಗೆ ಅಂಟಿಸಲಿ. ಪಟ್ಟಿ ತಪ್ಪಿದರೆ ಮೊದಲೇ ಹೇಳಲಿ, ಅದೂ ಮನೆಯಲ್ಲಿ ನೀರು ಹಿಡಿಯುವವರ ಫೋನಿಗೆ. ನೀರು ಬರುವ ದಿನದ ಬೆಳಿಗ್ಗೆಯೇ ಡ್ರಮ್ ಉಜ್ಜುವ ದಿನ ಆಗಲಿ. ಅವತ್ತು ಹೇಗೂ ಡ್ರಮ್ಮಿನ ತಳದಲ್ಲಿ ಸ್ವಲ್ಪವೇ ನೀರು ಇರುತ್ತದೆ, ಚೆಲ್ಲಲು ಯಾರಿಗೂ ಹೊಟ್ಟೆ ಉರಿಯುವುದಿಲ್ಲ. ನಿಮ್ಮ ಲಾರ್ವಾ ಸಮೀಕ್ಷೆಯೂ ಅದಕ್ಕೆ ಹೊಂದಿಕೊಂಡು ನಡೆಯಲಿ. ಮುಂದಿನ ವಾರ್ಡ್ ಸಭೆಗೋ ಗ್ರಾಮಸಭೆಗೋ ಎರಡು ಪುಸ್ತಕ ತರಿಸಿ ಅಂತ ಇಲ್ಲಿರುವ ಎಲ್ಲರೂ ಕೇಳಿ. ನೀರು ಬಿಟ್ಟ ದಿನಗಳದ್ದು ಒಂದು, ಲಾರ್ವಾ ಸಿಕ್ಕ ಮನೆಗಳದ್ದು ಒಂದು. ಎರಡನ್ನೂ ಪಕ್ಕಪಕ್ಕ ಇಟ್ಟು ಬೀದಿ ಬೀದಿಯಾಗಿ ಓದಿಸಿ.